ಆಲೆಮನೆಯ ಸೌದೆ, ಕರೆಂಟು, ತೊಳೆದ ನೀರು: ಸರ್ಕಾರದ ನೆರವು ಎಲ್ಲಿಂದ, ಯಾವ ಕ್ರಮದಲ್ಲಿ?

ಪ್ರಶ್ನೆ: ಮದ್ದೂರು ತಾಲ್ಲೂಕಿನಲ್ಲಿ ನಮ್ಮದೊಂದು ಆಲೆಮನೆ ಇದೆ. ದಿನಕ್ಕೆ 8 ಟನ್ ಕಬ್ಬು ಅರೆಯುತ್ತೇವೆ. ಗಾಣಕ್ಕೆ 15 ಎಚ್‌ಪಿ ಮೋಟರು, ಎರಡು ಸಲ ರೀವೈಂಡಿಂಗ್ ಆಗಿದೆ. ಎರಡು ಕೊಪ್ಪರಿಗೆ, ಎರಡಕ್ಕೂ ಬೇರೆ ಬೇರೆ ಒಲೆ. ರಚ್ಚು (ಹಾಲು ಹಿಂಡಿ ಉಳಿದ ಕಬ್ಬಿನ ಸಿಪ್ಪೆ) ಸಾಲದೆ ದಿನಕ್ಕೆ ಹತ್ತಿರ ಹತ್ತಿರ ಒಂದು ಟನ್ ಸೌದೆ ಕೊಳ್ಳುತ್ತಿದ್ದೇವೆ. ತೊಳೆದ ನೀರು ಕಾಲುವೆ ಕಡೆ ಹರಿಯುತ್ತದೆಂದು ಪಕ್ಕದ ಗದ್ದೆಯವರ ತಕರಾರು ಬೇರೆ. ಇದನ್ನೆಲ್ಲ ಸರಿಮಾಡಲು ಸರ್ಕಾರದ ಸಹಾಯ ಸಿಗುತ್ತದೆಯೇ? ಏಜೆಂಟ್ ಒಬ್ಬರು ಅರ್ಧಕ್ಕರ್ಧ ಸಬ್ಸಿಡಿ ಮಾಡಿಸಿಕೊಡುತ್ತೇನೆ, ಸೋಲಾರ್ ಕೂಡ ಹಾಕಿಸೋಣ ಎಂದು 25 ಸಾವಿರ ಮುಂಗಡ ಕೇಳುತ್ತಿದ್ದಾರೆ.

ಉತ್ತರ: ಮೊದಲು ಆ 25 ಸಾವಿರವನ್ನು ಕೊಡಬೇಡಿ. ಅವರು ಹೇಳುವ ಅರ್ಧ ಸಬ್ಸಿಡಿ ಸುಳ್ಳಲ್ಲ. ಆದರೆ ಅದರ ಅರ್ಜಿ ತುಂಬಿ, ಯೋಜನಾ ವರದಿ ಮಾಡಿಸಿ, ಬ್ಯಾಂಕಿನವರೆಗೆ ಜೊತೆಗೆ ಬರಲು ಸರ್ಕಾರವೇ ಜಿಲ್ಲಾ ಸಂಪನ್ಮೂಲ ವ್ಯಕ್ತಿಗಳನ್ನು ನೇಮಿಸಿದೆ. ಅವರಿಗೆ ಸಂಭಾವನೆ ಯೋಜನೆಯಿಂದಲೇ ಹೋಗುತ್ತದೆ, ನಿಮ್ಮ ಜೇಬಿನಿಂದಲ್ಲ. ಸಣ್ಣ ಉದ್ದಿಮೆಗಳಿಗಿರುವ ಉದ್ಯಮ್ ನೋಂದಣಿಯೂ ಪೂರ್ತಿ ಉಚಿತ. ಆಧಾರ್, ಪ್ಯಾನ್ ಹಿಡಿದು ಕೂತರೆ ಅರ್ಧ ಗಂಟೆಯ ಕೆಲಸ.

ಎರಡನೆಯದು, ಏನನ್ನೂ ಈಗಲೇ ಕೊಳ್ಳಬೇಡಿ. ಸಾಲ ಮಂಜೂರಾಗುವ ಮೊದಲೇ ಮೋಟರು, ಗಾಣ ತಂದು ಕೂರಿಸಿ ಆಮೇಲೆ ಬಿಲ್ಲು ಹಿಡಿದು ಬರುವವರ ಅರ್ಜಿ ಅಲ್ಲೇ ಬೀಳುತ್ತದೆ. ನಮ್ಮ ಕಡೆ ಕೈತಪ್ಪುವ ಸಬ್ಸಿಡಿಗಳಲ್ಲಿ ಹೆಚ್ಚಿನವು ಹೋಗುವುದು ಈ ಅವಸರಕ್ಕೆ. ಮೊದಲು ಅಳತೆ, ಆಮೇಲೆ ಕೊಟೇಶನ್, ಆಮೇಲೆ ಅರ್ಜಿ, ಮಂಜೂರಾತಿ, ಕೊನೆಗೆ ಖರೀದಿ.

ಅಳತೆಗೆ ಒಂದು ಇಡೀ ದಿನ ಮೀಸಲಿಡಿ. ಬೆಳಗ್ಗೆ ಗಾಣ ಶುರುವಾಗುವ ಮುಂಚೆ ಮೀಟರ್ ರೀಡಿಂಗ್ ಬರೆದುಕೊಳ್ಳಿ. ಕಬ್ಬಿನ ಟ್ರಾಲಿಯನ್ನು ತೂಕದ ಸೇತುವೆ ಮೇಲೆ ಹಾಯಿಸಿ ಚೀಟಿ ತೆಗೆದುಕೊಳ್ಳಿ. ಕಬ್ಬಿನ ಹಾಲನ್ನು ಡ್ರಮ್ಮಿನ ಲೆಕ್ಕದಲ್ಲಿ, ರಚ್ಚು ಮತ್ತು ಸೌದೆಯನ್ನು ತಕ್ಕಡಿಯಲ್ಲಿ, ಸಂಜೆ ಬೆಲ್ಲವನ್ನು ತೂಕದಲ್ಲಿ ಬರೆದಿಡಿ. ನೀರಿಗೆ ಟ್ಯಾಂಕಿನ ಮಟ್ಟ ಎಷ್ಟು ಇಳಿಯಿತು ಎಂಬ ಗುರುತು ಸಾಕು. ಅರೆದ ಕಬ್ಬು, ಯೂನಿಟ್, ಸೌದೆ, ನೀರು, ಬೆಲ್ಲ, ಈ ಐದು ಅಂಕಿಗಳಿದ್ದರೆ ಯಾವ ಕಚೇರಿಯಲ್ಲೂ ನಿಮ್ಮ ಮಾತಿಗೆ ತೂಕ ಬರುತ್ತದೆ. ಅಳತೆ ಮಾಡುವ ದಿನ ಕೆಲಸದವರು ಎಂದಿಗಿಂತ ಚುರುಕಾಗುವುದು ಸಹಜ. ಹಾಗಾಗಿ ಹೇಳದೆ ಇನ್ನೊಂದು ದಿನ ಮತ್ತೆ ಅಳೆಯುವುದು ಒಳ್ಳೆಯದು.

ನೀವು ಕೊಟ್ಟ ವಿವರದ ಮೇಲೆ ಒಂದು ಲೆಕ್ಕ ಹಾಕೋಣ. 8 ಟನ್ ಕಬ್ಬಿಗೆ ಶೇ 65ರಂತೆ 5.2 ಟನ್ ಹಾಲು ಬರುತ್ತದೆ. ಅದರಲ್ಲಿ ಬೆಲ್ಲವಾಗುವುದು 850 ಕಿಲೋ ಆಸುಪಾಸು, ಉಳಿದ 4.3 ಟನ್ನಿಗೂ ಹೆಚ್ಚು ನೀರು ಆವಿಯಾಗಿ ಹೋಗಬೇಕು. ಒಂದು ಕಿಲೋ ನೀರನ್ನು ಕಾಯಿಸಿ ಆವಿ ಮಾಡಲು ಸುಮಾರು 2.6 ಮೆಗಾಜೂಲ್ ಶಾಖ ಬೇಕು. ಅಂದರೆ ದಿನಕ್ಕೆ 11,000 ಮೆಗಾಜೂಲ್ ಕೊಪ್ಪರಿಗೆಯ ತಳಕ್ಕೆ ತಲುಪಬೇಕು. ನಿಮ್ಮ ರಚ್ಚು ಹಸಿಯಲ್ಲಿ 2.8 ಟನ್, ಚೆನ್ನಾಗಿ ಒಣಗಿದರೆ 1.6 ಟನ್, ಅದರ ಒಟ್ಟು ಶಾಖ 25,000 ಮೆಗಾಜೂಲ್ ಹತ್ತಿರ. ಒಲೆಯಲ್ಲಿ ಹುಟ್ಟಿದ ಶಾಖದಲ್ಲಿ ನೂರಕ್ಕೆ 45 ಭಾಗ ಹಾಲಿಗೆ ಮುಟ್ಟಿದ್ದರೆ ನೀವು ಒಂದು ತುಂಡು ಸೌದೆಯನ್ನೂ ಕೊಳ್ಳಬೇಕಿರಲಿಲ್ಲ. ನೀವು ದಿನಕ್ಕೆ ಒಂದು ಟನ್ ಕೊಳ್ಳುತ್ತಿದ್ದೀರಿ ಎಂದರೆ, ರಚ್ಚು ಒಣಗಿಸಿಯೇ ಉರಿಸಿದರೂ, ಮುಟ್ಟುತ್ತಿರುವುದು 28 ಭಾಗ. ಉಳಿದ 72 ಭಾಗ ಹೊಗೆಗೂಡಿನಲ್ಲಿ, ಒಲೆಯ ಗೋಡೆಯಲ್ಲಿ, ಕೊಪ್ಪರಿಗೆಯ ಅಂಚಿನ ಸಂದಿಯಲ್ಲಿ ಹೋಗುತ್ತಿದೆ. ಆ 28 ಅನ್ನು 38 ಮಾಡಿದರೆ ಸೌದೆ ಒಂದು ಟನ್ನಿನಿಂದ 300 ಕಿಲೋಗೆ ಇಳಿಯುತ್ತದೆ. ನಿಮ್ಮ ಸಮಸ್ಯೆಯ ಗಟ್ಟಿ ಭಾಗ ಇದು. ಏಜೆಂಟರು ಹೇಳಿದ ಸೋಲಾರ್ ಇದರ ಹತ್ತಿರಕ್ಕೂ ಬರುವುದಿಲ್ಲ.

ಒಲೆಗೆ ಕೈಹಾಕುವ ಮುಂಚೆ ಗಾಣ ನೋಡಿ. ಉರುಳೆಗಳ ಸಂದು ಸಡಿಲವಾಗಿದ್ದರೆ, ಹಲ್ಲು ಸವೆದಿದ್ದರೆ ಹಾಲು ಶೇ 60ರ ಹತ್ತಿರ ನಿಲ್ಲುತ್ತದೆ. ಅದನ್ನು 65ಕ್ಕೆ ಏರಿಸಿದರೆ ದಿನಕ್ಕೆ 400 ಕಿಲೋ ಹೆಚ್ಚು ಹಾಲು, 65ರಿಂದ 70 ಕಿಲೋ ಹೆಚ್ಚು ಬೆಲ್ಲ. ಅಷ್ಟು ಬೆಲ್ಲದ ಇವತ್ತಿನ ಬೆಲೆಯನ್ನು ದಿನದ ಕರೆಂಟಿನ ಖರ್ಚಿನ ಪಕ್ಕದಲ್ಲಿಟ್ಟು ನೋಡಿ. ಗಾಣದಿಂದ ಹೊರಬಿದ್ದ ರಚ್ಚನ್ನು ಒಂದು ಹಿಡಿ ತೆಗೆದು ಬಲವಾಗಿ ಹಿಂಡಿ. ಬೆರಳ ಸಂದಿಯಲ್ಲಿ ಹನಿ ಮೂಡಿದರೆ ಹಿಂದಿನ ಉರುಳೆಯ ಸಂದು ಬಿಗಿಮಾಡಬೇಕು ಎಂದೇ ಅರ್ಥ. ಆದರೆ ಒಂದೇ ಸಲಕ್ಕೆ ಬಿಗಿ ಮಾಡಿದರೆ ಮೋಟರು ಬಿಸಿಯಾಗುತ್ತದೆ, ಬುಷ್ಷು ಕಿತ್ತುಹೋಗುತ್ತದೆ. ಸ್ವಲ್ಪ ಬಿಗಿ ಮಾಡಿ, ಕ್ಲ್ಯಾಂಪ್ ಮೀಟರಿನಲ್ಲಿ ಮೂರೂ ಫೇಸಿನ ಆಂಪಿಯರ್ ನೋಡಿ, ಮೋಟರಿನ ಹೆಸರುಫಲಕದ ಅಂಕಿಯೊಳಗೇ ಇದ್ದರೆ ಇನ್ನೊಂದಿಷ್ಟು ಬಿಗಿ ಮಾಡಿ.

ರಚ್ಚಿನ ವಿಷಯ. ಹಸಿ ರಚ್ಚಿನಲ್ಲಿ ಅರ್ಧಕ್ಕರ್ಧ ನೀರು. ಹಾಗೇ ಒಲೆಗೆ ತುರುಕಿದರೆ ಆ ನೀರನ್ನು ಆವಿ ಮಾಡಲು ಶಾಖ ಖರ್ಚಾಗಿ 25,000 ಬದಲು 21,000 ಮೆಗಾಜೂಲ್ ಸಿಗುತ್ತದೆ, ಅಂದರೆ ದಿನಕ್ಕೆ 260 ಕಿಲೋ ಸೌದೆ ಲುಕ್ಸಾನು. ಉರಿಯೂ ಮಂದವಾಗುತ್ತದೆ. ಅಂಗಳದಲ್ಲಿ ತೆಳ್ಳಗೆ ಹರಡಿ, ದಿನಕ್ಕೊಮ್ಮೆ ಮಗುಚಿ, ಮೂರು ನಾಲ್ಕು ಬಿಸಿಲು ತೋರಿಸಿ. ಪರೀಕ್ಷೆ ಸುಲಭ: ಒಂದು ಕಿಲೋ ರಚ್ಚನ್ನು ತೂಗಿ ತಗಡಿನ ಮೇಲೆ ಒಣಗಲು ಬಿಡಿ, ತೂಕ ಇಳಿಯುವುದು ನಿಂತಾಗ 600 ಗ್ರಾಂ ಉಳಿದರೆ ಶೇ 40 ತೇವ ಇತ್ತು ಎಂದು. ಉರಿ ಹಾಕುವ ದಿನ ಶೇ 15ರೊಳಗೆ ಇರಬೇಕು. ಮಳೆಗಾಲಕ್ಕೆ ಹತ್ತು ದಿನದ ದಾಸ್ತಾನು ಹಿಡಿಯುವ, ಪಕ್ಕ ತೆರೆದ ತಗಡಿನ ಶೆಡ್ಡು ಹಾಕಿಸಿಕೊಳ್ಳಿ. ನಾಲ್ಕೂ ಕಡೆ ಮುಚ್ಚಿದ ಶೆಡ್ಡಿನಲ್ಲಿ ರಚ್ಚು ಒಣಗುವ ಬದಲು ಬೂಷ್ಟು ಹಿಡಿದು ಒಳಗೇ ಬಿಸಿಯಾಗುತ್ತದೆ. ಒಲೆಯಿಂದ ದೂರವಿರಲಿ, ಕಿಡಿ ಹಾರಿದರೆ ಇಡೀ ಆಲೆಮನೆ ಹೋಗುತ್ತದೆ.

ರಚ್ಚು ಸಾಲದಾದಾಗ ಕೆಲವರು ಹಳೇ ಟೈರು, ಪ್ಲಾಸ್ಟಿಕ್, ಚಪ್ಪಲಿ ಕಾರ್ಖಾನೆಯ ಚೂರು ತಂದು ಉರಿಸುತ್ತಾರೆ. ಹಾಗೇನಾದರೂ ನಿಮ್ಮಲ್ಲಿ ನಡೆಯುತ್ತಿದ್ದರೆ ಇವತ್ತೇ ನಿಲ್ಲಿಸಿ. ಕಾನೂನಿನ ಪ್ರಕಾರ ಅಪರಾಧ. ಮಾಲಿನ್ಯ ನಿಯಂತ್ರಣ ಮಂಡಳಿಯ ತಕರಾರು ಬಿದ್ದ ಘಟಕಕ್ಕೆ ಯಾವ ಬ್ಯಾಂಕೂ ಸಾಲ ಕೊಡಲು ಮುಂದೆ ಬರುವುದಿಲ್ಲ. ಮಸಿ ತೆರೆದ ಕೊಪ್ಪರಿಗೆಗೇ ಬೀಳುತ್ತದೆ ಎನ್ನುವುದನ್ನು ಬೇರೆ ಹೇಳಬೇಕೇ.

ಈಗ ಒಲೆ. ಎರಡು ಕೊಪ್ಪರಿಗೆಗೆ ಎರಡು ಒಲೆ ಇಟ್ಟಿರುವುದೇ ನಿಮ್ಮ ದೊಡ್ಡ ಸೋರಿಕೆ. ಒಂದೇ ಒಲೆ, ಅದರ ಮೇಲೆ ಪಾಕ ಬರಿಸುವ ಕೊಪ್ಪರಿಗೆ. ಅಲ್ಲಿಂದ ಹೊರಟ ಬಿಸಿ ಹೊಗೆ ಸುರಂಗದಲ್ಲಿ ಹಾದು ಎರಡನೇ ಕೊಪ್ಪರಿಗೆಯ ತಳ ಸವರಿ, ಆಮೇಲೆ ಹೊಗೆಗೂಡು ಸೇರಬೇಕು. ಎರಡನೆಯದರಲ್ಲಿ ಹಸಿ ಹಾಲು ಕಾಯುತ್ತದೆ, ಮಡ್ಡಿ, ಅಂದರೆ ಹಾಲಿನ ಕೊಳೆ ನೊರೆ, ಅಲ್ಲೇ ಮೇಲೆದ್ದು ಬರುತ್ತದೆ. ಲಕ್ನೋದ ಭಾರತೀಯ ಕಬ್ಬು ಸಂಶೋಧನಾ ಸಂಸ್ಥೆ ರೂಪಿಸಿದ ಮೂರು ಕೊಪ್ಪರಿಗೆಯ ಒಲೆಯ ತತ್ವವೂ ಇದೇ. ಒಲೆಯೊಳಗೆ ಬೆಂಕಿ ಇಟ್ಟಿಗೆ, ಕೆಳಗೆ ಬೂದಿ ಉದುರಿ ಗಾಳಿ ಮೇಲೇರುವ ಬೀಡು ಕಬ್ಬಿಣದ ಜಾಲರಿ, ಹೊಗೆಗೂಡಿಗೆ ಎಳೆದು ತಳ್ಳುವ ತಗಡಿನ ಬಾಗಿಲು, ಇವು ಮೂರೂ ಇರಲಿ. ಕೊಪ್ಪರಿಗೆಯ ತಳಕ್ಕೆ ಪಟ್ಟಿ ಬೆಸೆದ ಮಾದರಿಗಳೂ ಇವೆ, ಶಾಖ ಹಿಡಿಯುವ ಮೈ ಹೆಚ್ಚುತ್ತದೆ. ಮಸಿ ಕೆರೆಯುವುದು ಮಾತ್ರ ಸ್ವಲ್ಪ ರಗಳೆ.

ಜನ ತಪ್ಪುವುದು ಆ ತಗಡಿನ ಬಾಗಿಲಿನಲ್ಲಿ. ಹೊಗೆಗೂಡು ಎತ್ತರ ಮಾಡಿಸಿ ಬಾಗಿಲು ಪೂರ್ತಿ ತೆರೆದಿಟ್ಟರೆ ಉರಿ ಭೋರೆನ್ನುತ್ತದೆ, ನೋಡಲು ಖುಷಿ. ಶಾಖ ಮಾತ್ರ ಆಕಾಶಕ್ಕೆ. ಪೂರ್ತಿ ಮುಚ್ಚಿದರೆ ಕಪ್ಪು ಹೊಗೆ, ರಚ್ಚು ಅರೆಬೆಂದು ಇದ್ದಿಲಾಗಿ ಬೂದಿ ಗುಂಡಿಗೆ ಬೀಳುತ್ತದೆ. ಹೊಗೆ ತೆಳು ಬೂದುಬಣ್ಣಕ್ಕೆ ತಿರುಗುವ ಜಾಗವನ್ನು ಹುಡುಕಿ ಅಲ್ಲೊಂದು ಗುರುತು ಹಾಕಿ. ರಚ್ಚನ್ನು ಒಮ್ಮೆಲೇ ಒಂದು ಹೊರೆ ತುರುಕುವ ಬದಲು ನಿಮಿಷಕ್ಕೆರಡು ಹಿಡಿಯಂತೆ ಹಾಕಬೇಕು. ಒಲೆ ಹಾಕುವವರ ಕೈ ಪಳಗಲು ಒಂದು ವಾರ ಬೇಕು. ಆ ವಾರ ಅವರಿಗೆ ಕೂಲಿ ಸ್ವಲ್ಪ ಹೆಚ್ಚಿಗೆ ಕೊಟ್ಟರೂ ನಷ್ಟವಿಲ್ಲ.

ಮೋಟರಿನ ಲೆಕ್ಕ ಇದಕ್ಕಿಂತ ಚಿಕ್ಕದು. 15 ಎಚ್‌ಪಿ ಎಂದರೆ 11 ಕಿಲೋವ್ಯಾಟ್. ಎರಡು ಸಲ ಸುತ್ತಿಸಿದ ಮೋಟರಿನ ದಕ್ಷತೆ ಶೇ 85 ಇದ್ದರೆ ಹೆಚ್ಚು. ಹೆಚ್ಚು ದಕ್ಷತೆಯ ಐಇ3 ದರ್ಜೆಯ ನಾಲ್ಕು ಪೋಲಿನ ಹೊಸದರಲ್ಲಿ ಶೇ 91.4. ಗಾಣಕ್ಕೆ 9 ಕಿಲೋವ್ಯಾಟ್ ಬೇಕಾದರೆ ಗಂಟೆಗೆ ಮುಕ್ಕಾಲು ಯೂನಿಟ್ ಉಳಿತಾಯ. ದಿನಕ್ಕೆ 10 ಗಂಟೆ, ವರ್ಷಕ್ಕೆ 200 ದಿನ ಓಡಿದರೆ 1,500 ಯೂನಿಟ್. ಯೂನಿಟ್ಟಿಗೆ 7 ರೂಪಾಯಿ ಹಿಡಿದರೆ 10 ಸಾವಿರ. ಹೊಸ ಮೋಟರಿನ ಕೊಟೇಶನ್ನನ್ನು ಈ 10 ಸಾವಿರದಿಂದ ಭಾಗಿಸಿ, ಎಷ್ಟು ವರ್ಷ ಎಂಬುದು ಗೊತ್ತಾಗುತ್ತದೆ. ಮುಂದಿನ ಸಲ ಸುಟ್ಟಾಗ ಸುತ್ತಿಸದೆ ಹೊಸದು ಹಾಕುವುದೇ ಸರಿ ಎಂದು ನನ್ನ ಅಭಿಪ್ರಾಯ. ಅದಕ್ಕೆ ಮುಂಚೆ ಬೆಲ್ಟು ನೋಡಿ. ಜಾರುವ ಚಪ್ಪಟೆ ಬೆಲ್ಟನ್ನು ವಿ-ಬೆಲ್ಟಿಗೆ ಬದಲಿಸಿ ಎರಡೂ ಪುಲ್ಲಿ ಒಂದೇ ಗೆರೆಯಲ್ಲಿ ಕೂರಿಸುವುದು ಕಡಿಮೆ ಖರ್ಚಿನಲ್ಲಿ ಆಗುವ ಕೆಲಸ.

ಬಿಲ್ಲಿನಲ್ಲಿ ಪವರ್ ಫ್ಯಾಕ್ಟರ್ (ಎಳೆದ ಕರೆಂಟಿನಲ್ಲಿ ಕೆಲಸಕ್ಕೆ ಬಂದ ಪಾಲು) ಸಾಲನ್ನು ಓದಿ. 0.85ಕ್ಕಿಂತ ಕೆಳಗಿದ್ದರೆ ವಿದ್ಯುತ್ ಕಂಪನಿ ಸೆಸ್ಕ್ ದಂಡ ಹಾಕುತ್ತದೆ. 15 ಎಚ್‌ಪಿಗೆ 5 ಕೆವಿಎಆರ್ ಕೆಪಾಸಿಟರ್ ಸಾಕು. ಇದ್ದೂ ದಂಡ ಬರುತ್ತಿದ್ದರೆ ಅದು ಸತ್ತಿರುತ್ತದೆ, ಎಲೆಕ್ಟ್ರಿಷಿಯನ್ ಕೈಲಿ ಅದರ ತಂತಿಯ ಆಂಪಿಯರ್ ನೋಡಿಸಿ. ಸಾಕೆಟ್ಟಿಗೆ ಚುಚ್ಚುವ 'ಕರೆಂಟ್ ಉಳಿಸುವ ಡಬ್ಬಿ' ಮಾರುವವರನ್ನು ಬಾಗಿಲಲ್ಲೇ ಕಳಿಸಿ. ಇನ್ನೊಂದು ಎಚ್ಚರಿಕೆ: ಪಂಪ್‌ಸೆಟ್ಟಿಗೆ 10 ಎಚ್‌ಪಿವರೆಗೆ ಉಚಿತ ಇರುವ ಕರೆಂಟಿನಿಂದ ಆಲೆಮನೆಗೆ ಒಂದು ತಂತಿ ಎಳೆದುಕೊಂಡಿದ್ದರೆ ತೆಗೆಸಿಬಿಡಿ. 2003ರ ವಿದ್ಯುತ್ ಕಾಯ್ದೆಯ 126ನೇ ಕಲಂ ಪ್ರಕಾರ ಎರಡು ಪಟ್ಟು ದರದಲ್ಲಿ ವಸೂಲಿ ಮಾಡುತ್ತಾರೆ. ಉಳಿಸಿದ್ದೆಲ್ಲ ಬಡ್ಡಿ ಸಮೇತ ಹೋಗುತ್ತದೆ.

ಇಷ್ಟು ಗೊತ್ತಾದ ಮೇಲೆ ಯೋಜನೆಗಳ ಮಾತು. ನಿಮಗೆ ಅಳತೆ ತೆಗೆದಂತೆ ಹೊಂದುವುದು ಪಿಎಂಎಫ್‌ಎಂಇ, ಅಂದರೆ ಕಿರು ಆಹಾರ ಸಂಸ್ಕರಣಾ ಉದ್ದಿಮೆಗಳ ಯೋಜನೆ. 'ಒಂದು ಜಿಲ್ಲೆ ಒಂದು ಉತ್ಪನ್ನ' ಪಟ್ಟಿಯಲ್ಲಿ ಮಂಡ್ಯಕ್ಕೆ ಸಿಕ್ಕಿರುವುದೇ ಬೆಲ್ಲ. ಕೇಂದ್ರದ್ದು ಯೋಜನಾ ವೆಚ್ಚದ ಶೇ 35, ಗರಿಷ್ಠ 10 ಲಕ್ಷ. ಕರ್ನಾಟಕ ಸರ್ಕಾರ ತನ್ನ ಶೇ 15 ಸೇರಿಸಿ ಒಟ್ಟು ಶೇ 50, ಗರಿಷ್ಠ 15 ಲಕ್ಷ ಮಾಡಿದೆ. ಹೊಸ ಘಟಕವೇ ಆಗಬೇಕೆಂದಿಲ್ಲ, ಇರುವುದನ್ನು ಮೇಲ್ದರ್ಜೆಗೇರಿಸಲೂ ಸಿಗುತ್ತದೆ. ರಾಜ್ಯದಲ್ಲಿ ಕೃಷಿ ಉತ್ಪನ್ನ ಸಂಸ್ಕರಣೆ ಮತ್ತು ರಫ್ತು ನಿಗಮ, ಅಂದರೆ ಕೆಪೆಕ್, ಇದರ ನೋಡಲ್ ಸಂಸ್ಥೆ. ಜಿಲ್ಲೆಯಲ್ಲಿ ಕೃಷಿ ಇಲಾಖೆಯ ಜಂಟಿ ನಿರ್ದೇಶಕರ ಕಚೇರಿಗೆ ಹೋಗಿ ಸಂಪನ್ಮೂಲ ವ್ಯಕ್ತಿಗಳ ಪಟ್ಟಿ ಕೇಳಿ. ಅರ್ಜಿ ಹಾಕುವ ದಿನ ಯೋಜನೆಯ ಅವಧಿ ಮತ್ತು ಈ ಸಾಲಿನ ಅನುದಾನ ಉಳಿದಿದೆಯೇ ಎಂಬುದನ್ನೂ ಅಲ್ಲೇ ಕೇಳಿಕೊಳ್ಳಿ.

ಹಣ ಕೈಗೆ ಬರುವ ರೀತಿ ಬಹಳ ಜನಕ್ಕೆ ತಿಳಿದಿಲ್ಲ. ಒಲೆ, ಗಾಣ, ಮೋಟರು, ರಚ್ಚಿನ ಶೆಡ್ಡು ಸೇರಿ 6 ಲಕ್ಷದ ಯೋಜನೆ ಅನ್ನೋಣ. ನಿಮ್ಮ ಕೈಯಿಂದ ಕನಿಷ್ಠ ಶೇ 10, ಅಂದರೆ 60 ಸಾವಿರ. ಬ್ಯಾಂಕ್ ಸಾಲ 5.4 ಲಕ್ಷ. 3 ಲಕ್ಷದ ಸಬ್ಸಿಡಿ ನಿಮ್ಮ ಉಳಿತಾಯ ಖಾತೆಗೆ ಬರುವುದಿಲ್ಲ, ಬ್ಯಾಂಕಿನಲ್ಲೇ ನಿಮ್ಮ ಹೆಸರಿನ ಪ್ರತ್ಯೇಕ ಖಾತೆಯಲ್ಲಿ ಕೂರುತ್ತದೆ. ಅಷ್ಟು ಮೊತ್ತಕ್ಕೆ ಬಡ್ಡಿ ಹಾಕುವುದಿಲ್ಲ. ಮೂರು ವರ್ಷ ಘಟಕ ನಡೆದು, ಸಾಲ ಸುಸ್ತಿಯಾಗದೆ ಇದ್ದರೆ ಸಾಲಕ್ಕೆ ಜಮಾ ಆಗುತ್ತದೆ. ನಡುವೆ ಸುಸ್ತಿಯಾದರೆ ಸಬ್ಸಿಡಿಯೂ ಹೋಗುತ್ತದೆ. ಆದ್ದರಿಂದ ಕಂತನ್ನು ಬೆಲ್ಲದ ಬೆಲೆ ಬಿದ್ದ ತಿಂಗಳಲ್ಲೂ ಕಟ್ಟುವಷ್ಟಕ್ಕೆ ಇಟ್ಟುಕೊಳ್ಳಿ.

ನಿಮ್ಮಂಥವರ ವರದಿ ಸಿಕ್ಕಿಕೊಳ್ಳುವ ಜಾಗ ಸಿವಿಲ್ ಕೆಲಸ. ಅದು ಯೋಜನಾ ವೆಚ್ಚದ ಶೇ 30 ಮೀರುವಂತಿಲ್ಲ, ಜಮೀನಿನ ಬೆಲೆ ಸೇರಿಸುವಂತೆಯೇ ಇಲ್ಲ. ಒಲೆಯನ್ನು 'ಇಟ್ಟಿಗೆ ಕೆಲಸ' ಎಂದು ಕೊಟೇಶನ್ನಿನಲ್ಲಿ ಬರೆಸಿದರೆ ಅದೂ ಶೆಡ್ಡಿನ ಜೊತೆ ಸಿವಿಲ್ ಲೆಕ್ಕಕ್ಕೆ ಹೋಗಿ ಮಿತಿ ದಾಟುತ್ತದೆ. ಜಾಲರಿ, ಬೆಂಕಿ ಇಟ್ಟಿಗೆ, ಹೊಗೆಗೂಡು, ಕೊಪ್ಪರಿಗೆ ಸೇರಿ ಒಂದು ಸಂಸ್ಕರಣಾ ಸಾಧನವಾಗಿ ಹೇಗೆ ತೋರಿಸಬೇಕು ಎಂಬುದನ್ನು ಸಂಪನ್ಮೂಲ ವ್ಯಕ್ತಿಯ ಜೊತೆ ಕೂತು ಮೊದಲೇ ತೀರ್ಮಾನಿಸಿ. ಕೊಟೇಶನ್ನಿಗೆ ಜಿಎಸ್‌ಟಿ ಸಂಖ್ಯೆ ಇರಲಿ, ಹಳೇ ಗಾಣ ಕೊಳ್ಳುವ ಯೋಚನೆ ಬೇಡ. ಆಲೆಮನೆಯನ್ನು ಬೇರೆಯವರಿಗೆ ವರ್ಷದ ಗುತ್ತಿಗೆಗೆ ಕೊಟ್ಟಿದ್ದರೆ ಅರ್ಜಿ ಯಾರ ಹೆಸರಲ್ಲಿ, ಕರೆಂಟಿನ ಆರ್‌ಆರ್ ನಂಬರು ಯಾರ ಹೆಸರಲ್ಲಿ, ಜಾಗ ಯಾರದು ಎಂಬ ಮೂರೂ ಒಂದಕ್ಕೊಂದು ತಾಳೆಯಾಗಬೇಕು. ಅಪ್ಪನ ಹೆಸರಿನ ಆರ್‌ಆರ್ ನಂಬರಿಗೆ ಮಗ ಅರ್ಜಿ ಹಾಕಿ ಆರು ತಿಂಗಳು ಅಲೆಯುವುದು ಇಲ್ಲಿ ಮಾಮೂಲು.

ಬಡ್ಡಿ ರಿಯಾಯಿತಿಯ ದಾರಿಗಳೂ ಇವೆ. ಇಂಧನ ದಕ್ಷತಾ ಬ್ಯೂರೊ 2025ರಲ್ಲಿ ತಂದ ಅದಿತಿ ಯೋಜನೆಯಲ್ಲಿ ಕಿರು ಮತ್ತು ಸಣ್ಣ ಘಟಕಗಳಿಗೆ ಶೇ 5, ಮಧ್ಯಮಕ್ಕೆ ಶೇ 3 ಬಡ್ಡಿ ಸಹಾಯ. ಆಹಾರ ಸಂಸ್ಕರಣೆ ಅದರ 14 ವಲಯಗಳಲ್ಲಿ ಒಂದು. ಇಂಧನ ಲೆಕ್ಕಪರಿಶೋಧನೆ, ಯೋಜನಾ ವರದಿಗೂ ಅದರಲ್ಲೇ ನೆರವಿದೆ. ಆದರೆ ಗೊತ್ತುಪಡಿಸಿದ ಕ್ಲಸ್ಟರುಗಳಿಂದ (ಒಂದೇ ಬಗೆಯ ಘಟಕಗಳು ಗುಂಪಾಗಿರುವ ಊರುಗಳಿಂದ) ಶುರುಮಾಡಿದ್ದಾರೆ, ಮಂಡ್ಯದ ಬೆಲ್ಲ ಸೇರುತ್ತದೆಯೇ ಎಂದು ರಾಜ್ಯದಲ್ಲಿ ಬ್ಯೂರೊದ ಪರವಾಗಿ ಕೆಲಸ ಮಾಡುವ ಕ್ರೆಡೆಲ್‌ಗೆ ಒಂದು ಕಾಗದ ಬರೆದು ಕೇಳಿ. ಸಣ್ಣ ಕೈಗಾರಿಕೆಗಳ ಅಭಿವೃದ್ಧಿ ಬ್ಯಾಂಕಾದ ಸಿಡ್ಬಿ ಮೂಲಕ ನಡೆಯುವ ಗಿಫ್ಟ್ ಯೋಜನೆಯಲ್ಲಿ ಹಸಿರು ತಂತ್ರಜ್ಞಾನಕ್ಕೆ 2 ಕೋಟಿವರೆಗಿನ ಸಾಲಕ್ಕೆ ಶೇ 2 ಬಡ್ಡಿ ಸಹಾಯ. ಅದರ ಜೋಡಿ ಯೋಜನೆ ಸ್ಪೈಸ್ ಪ್ಲಾಸ್ಟಿಕ್, ರಬ್ಬರ್, ಇ-ತ್ಯಾಜ್ಯದವರಿಗೆ, ನಿಮಗಲ್ಲ. ಒಂದೇ ಯಂತ್ರಕ್ಕೆ ಎರಡು ಕಡೆ ನೆರವು ಪಡೆಯಬಹುದೇ ಎಂಬುದನ್ನು ಬ್ಯಾಂಕಿನಿಂದ ಬರವಣಿಗೆಯಲ್ಲೇ ತಿಳಿದುಕೊಳ್ಳಿ.

ದೋಷವಿಲ್ಲದೆ, ಪರಿಸರಕ್ಕೆ ಹಾನಿಯಿಲ್ಲದೆ ತಯಾರಿಸುವ ಸಣ್ಣ ಉದ್ದಿಮೆಗಳಿಗೆ ಕೊಡುವ ಝೆಡ್ ಪ್ರಮಾಣಪತ್ರದ ಬಗ್ಗೆ ಒಂದು ಮಾತು. ಕಂಚಿನ ದರ್ಜೆಗೆ 10 ಸಾವಿರ ಶುಲ್ಕ, ಕಿರು ಉದ್ದಿಮೆಗೆ ಅದರಲ್ಲಿ ಶೇ 80 ಸಬ್ಸಿಡಿ, ಮಹಿಳೆಯರ ಮಾಲೀಕತ್ವವಾದರೆ ಪೂರ್ತಿ. ಅದರಿಂದ ಸೌದೆ ಉಳಿಯುವುದಿಲ್ಲ. ಆದರೆ ನೀವು ಬರೆದಿಟ್ಟ ಅಳತೆಗಳೇ ಅದಕ್ಕೆ ದಾಖಲೆ, ಹಾಗಾಗಿ ಹೆಚ್ಚಿನ ಶ್ರಮವಿಲ್ಲದೆ ಸಿಗುತ್ತದೆ. ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ಇದನ್ನೂ, ರಾಜ್ಯದ ಕೈಗಾರಿಕಾ ನೀತಿಯಲ್ಲಿ ಈಗ ಏನೇನು ರಿಯಾಯಿತಿ ಇದೆ ಎಂಬುದನ್ನೂ ಒಂದೇ ಭೇಟಿಯಲ್ಲಿ ಕೇಳಬಹುದು. ಒಲೆಯ ವಿನ್ಯಾಸ, ಬೆಲ್ಲದ ಗುಣಮಟ್ಟಕ್ಕೆ ಮಂಡ್ಯದ ವಿ.ಸಿ. ಫಾರಂ ಕೃಷಿ ಸಂಶೋಧನಾ ಕೇಂದ್ರ ನಿಮಗೆ ಹತ್ತಿರ. ವರದಿಗೆ ತಾಂತ್ರಿಕ ಸಲಹೆ ಬೇಕಾದರೆ ರಾಜ್ಯ ಸರ್ಕಾರದ್ದೇ ಆದ ಸಲಹಾ ಸಂಸ್ಥೆ ಟೆಕ್‌ಸಾಕ್ ಇದೆ.

ಸೋಲಾರ್? ಪಿಎಂ ಸೂರ್ಯ ಘರ್‌ನ 78 ಸಾವಿರದವರೆಗಿನ ಸಬ್ಸಿಡಿ ಮನೆಗಳಿಗೆ ಮಾತ್ರ. ಮನೆಗೆ ಹಾಕಿಸಿಕೊಳ್ಳಿ, ಬೇಡ ಅನ್ನುವುದಿಲ್ಲ. ಆಲೆಮನೆಯ ಸೂರಿಗೆ ಹಾಕಿದರೆ ಸಬ್ಸಿಡಿಯೂ ಇಲ್ಲ, ಹೊಗೆಗೂಡಿನ ಮಸಿ ಫಲಕದ ಮೇಲೆ ದಿನಾ ಕೂರುತ್ತದೆ.

ಇನ್ನು ಪಕ್ಕದ ಗದ್ದೆಯವರ ತಕರಾರು. ಅವರ ಮಾತಿನಲ್ಲಿ ನ್ಯಾಯವಿದೆ. ತೊಳೆದ ನೀರಿನಲ್ಲಿ ಸಕ್ಕರೆ ಇರುತ್ತದೆ, ಒಂದೇ ದಿನಕ್ಕೆ ಹುಳಿಯುತ್ತದೆ. ನಿಂತ ನೀರಿನ ಆಮ್ಲಜನಕವನ್ನೆಲ್ಲ ಎಳೆದುಕೊಂಡು ನಾತ ಬರಿಸುತ್ತದೆ. ಹೆಚ್ಚಿನವರು ಕೂಡಲೇ ದೊಡ್ಡ ಗುಂಡಿ ತೋಡಿಸುತ್ತಾರೆ. ಅದು ತಪ್ಪು, ನಾಲ್ಕು ದಿನ ನಿಂತಷ್ಟೂ ನಾತ ಜಾಸ್ತಿ. ಮೊದಲು ನೀರನ್ನೇ ಕಡಿಮೆ ಮಾಡಿ. ಕೊಪ್ಪರಿಗೆಯನ್ನು ಮರದ ಹಲಗೆಯಲ್ಲಿ ಕೆರೆದು, ಎರಡು ಬಕೆಟ್ ಶುದ್ಧ ನೀರಿನಲ್ಲಿ ಮೊದಲ ಸುತ್ತು ತೊಳೆದು, ಆ ಸಿಹಿನೀರನ್ನು ಮುಂದಿನ ಹಾಲಿಗೇ ಸೋಸಿ ಸೇರಿಸಿ. ಸಂಜೆಯ ಕೊನೇ ತೊಳೆತಕ್ಕೆ ಇದು ಸಲ್ಲದು, ಬೆಳಗಾಗುವಷ್ಟರಲ್ಲಿ ಹುಳಿದಿರುತ್ತದೆ. ಪೈಪಿನ ತುದಿಗೆ ಒತ್ತಿದರೆ ಮಾತ್ರ ನೀರು ಬಿಡುವ ಗನ್ ಹಾಕಿ. ಅರ್ಧ ಇಂಚಿನ ಪೈಪು ಸುಮ್ಮನೆ ಬಿದ್ದಿದ್ದರೆ ನಿಮಿಷಕ್ಕೆ 15 ಲೀಟರ್ ಹೋಗುತ್ತದೆ.

ಉಳಿದ ನೀರಿಗೆ ಒಂದು ದಿನದ ನೀರು ಹಿಡಿಯುವಷ್ಟೇ ಗುಂಡಿ, ಬಾಯಿಗೆ ಜಾಲರಿ. ಸುಣ್ಣದ ತಿಳಿ ಸ್ವಲ್ಪ ಸ್ವಲ್ಪವೇ ಬೆರೆಸುತ್ತಾ ಲಿಟ್ಮಸ್ ಕಾಗದ ಅದ್ದಿ ನೋಡಿ. ನೀಲಿ ಕಾಗದ ಕೆಂಪಾಗುವುದು ನಿಂತರೆ ಸಾಕು, ಕೆಂಪು ಕಾಗದ ನೀಲಿಯಾದರೆ ಸುಣ್ಣ ಹೆಚ್ಚಾಯಿತು. ಅದನ್ನು ಅದೇ ದಿನ ನಿಮ್ಮದೇ ತೆಂಗು, ಬಾಳೆ, ಮೇವಿನ ಹುಲ್ಲಿಗೆ ದಿನಕ್ಕೊಂದು ಪಟ್ಟೆಯಂತೆ ಬದಲಿಸಿ ಹಾಯಿಸಿ. ಒಂದೇ ಜಾಗಕ್ಕೆ ಬಿಟ್ಟರೆ ಬೇರು ಉಸಿರುಕಟ್ಟಿ ಗಿಡ ಹಳದಿಯಾಗುತ್ತದೆ. ಮಡ್ಡಿಯನ್ನು ಒಲೆಯ ಬೂದಿ, ಕಬ್ಬಿನ ತರಗಿನ ಜೊತೆ ಪದರಪದರವಾಗಿ ಹಾಕಿದರೆ ಗೊಬ್ಬರ. ಬೂದಿಯಲ್ಲಿ ಪೊಟ್ಯಾಷ್ ಇದೆ, ಆದರೆ ಹಸಿ ಸಗಣಿಯ ಮೇಲೆ ನೇರ ಸುರಿದರೆ ಸಾರಜನಕ ಅಮೋನಿಯವಾಗಿ ಹಾರಿಹೋಗುತ್ತದೆ. ನಡುವೆ ಒಂದು ಪದರ ತರಗು ಇರಲಿ. ನೀರು ಕಾಲುವೆಗೆ ಇಳಿಯುವ ಈಗಿನ ಮೋರಿಯನ್ನು ಕಲ್ಲು ಗಾರೆ ಹಾಕಿ ಮುಚ್ಚಿಸಿ, ಮುಚ್ಚಿದ ದಿನದ ಫೋಟೊವನ್ನು ಅರ್ಜಿಯ ಕಡತಕ್ಕೂ ಸೇರಿಸಿ.